ತಾನಾಗಿ ಮುಚ್ಚಿಕೊಳ್ಳುವ ಮೈಕು

ಮಾರ್ಚ್ 4, ಮಂಗಳವಾರ

ಅಂತೂ ಒಂದು ಸಾರ್ವಜನಿಕ ಸಭೆ ಬೈಗುಳವಿಲ್ಲದೆ ಮುಗಿಯಿತು. ಹೋದ ತಿಂಗಳು ಸದಸ್ಯರೊಬ್ಬರು ಪಕ್ಕದವರ ಕಿವಿಯಲ್ಲಿ ಅಧ್ಯಕ್ಷರ ಬುದ್ಧಿಮಟ್ಟದ ಬಗ್ಗೆ ಪಿಸುಗುಟ್ಟಿದ್ದು ನೇರ ಪ್ರಸಾರದಲ್ಲಿ ಊರಿಗೆಲ್ಲ ಕೇಳಿಸಿತ್ತು. ತಪ್ಪು ಪಿಸುಗುಟ್ಟಿದವರದಲ್ಲವಂತೆ. ಪುರಸಭೆಯ ಮೈಕು, ಕ್ಯಾಮೆರಾ, ಪರದೆ ನೋಡಿಕೊಳ್ಳುವ ನನ್ನದಂತೆ. ಅದರ ಮೇಲೆ ಮೇಷ್ಟ್ರ ದೂರು ಬೇರೆ. ನಿವೃತ್ತರಾದ ಮೇಲೆ ಈ ಗಣಿತದ ಮೇಷ್ಟ್ರಿಗೆ ಎರಡು ಕಿವಿಗೂ ಯಂತ್ರ ಬಂದಿದೆ, ಸಭೆಯ ಹುಚ್ಚು ಮಾತ್ರ ಹೋಗಿಲ್ಲ. ಫ್ಯಾನಿನ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ, ಪರದೆಯ ಮೇಲಿನ ಸಬ್‌ಟೈಟಲ್ ಓದೋಣವೆಂದರೆ ಕೆಮ್ಮು, ಕುರ್ಚಿ ಎಳೆಯುವ ಸದ್ದು ಎಲ್ಲ ಸೇರಿ ಅಕ್ಷರಗಳೇ ಕಲಸುಮೇಲೋಗರ ಎಂದು ಅವರು ಪ್ರತಿ ಸಭೆಯ ಮರುದಿನ ಬಂದು ನನ್ನ ಮೇಜಿನೆದುರು ನಿಲ್ಲುತ್ತಿದ್ದರು.

ಈ ಸಲ ಹೊಸ ಯಂತ್ರದಲ್ಲಿ ಬಿಗಿ ಏರ್ಪಾಡು ಮಾಡಿದೆ. ಗಟ್ಟಿಯಾಗಿ, ತಡೆಯಿಲ್ಲದೆ ಬರುವ ಮಾತಿಗೆ ಮಾತ್ರ ಮೈಕು ತೆರೆದುಕೊಳ್ಳುತ್ತದೆ. ಮಾತು ನಿಂತರೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಅದರ ಕತ್ತಿನ ಕೆಂಪು ದೀಪ ಆರುತ್ತದೆ. ಫ್ಯಾನು, ಕಾಗದ, ಪಿಸುಮಾತು ಯಾವುದೂ ಒಳಗೆ ಬರುವಂತಿಲ್ಲ. ಮೇಷ್ಟ್ರು ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು ಕುಲುಕಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಬ್ಬ ಸಾರ್ವಜನಿಕ ನನ್ನ ಕೈ ಕುಲುಕಿದ್ದು ಇದೇ ಮೊದಲು.

ಕೊನೆಗೆ ರೈಲು ಹಳಿಯ ಮೇಲಿನ ಪಾದಚಾರಿ ಸೇತುವೆಯ ಲಿಫ್ಟನ್ನು ನಿಲ್ಲಿಸುವ ವಿಷಯ ಬಂತು. ಯಾರೂ ಹತ್ತುತ್ತಿಲ್ಲ, ಸುಮ್ಮನೆ ದಂಡ ಎಂದು ವರದಿ. ಸಾರ್ವಜನಿಕರು ಮಾತನಾಡಬಹುದು ಎಂದಾಗ ಒಬ್ಬ ಹೆಂಗಸು ಮೈಕಿನ ಹತ್ತಿರ ಬಂದು ನಿಂತರು. ನಿಂತರು ಅಷ್ಟೆ. ಮಾತಿಲ್ಲ, ಕತೆಯಿಲ್ಲ. ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಏನೂ ಇಲ್ವಾ, ಕೂತ್ಕೊಳ್ಳಿ ಎಂದರು ಅಧ್ಯಕ್ಷರು. ಆಕ್ಷೇಪಣೆ ಯಾವುದೂ ಬರಲಿಲ್ಲವೆಂದು ನಡಾವಳಿಯಲ್ಲಿ ಬರೆದಾಯಿತು. ಕೊನೆಯ ತೀರ್ಮಾನ ಮುಂದಿನ ಸಭೆಗೆ. ಮಾತನಾಡಲು ಬಾರದವರು ಮೈಕಿನ ಮುಂದೆ ಯಾಕೆ ಬರುತ್ತಾರೋ.

ಮನೆಗೆ ಬಂದರೆ ಹೆಂಡತಿ, ರೀ ನಿಮ್ಮ ಹತ್ರ ಒಂದು ವಿಷಯ ಅಂದಳು. ಗ್ಯಾಸ್ ತಾನೆ, ನಾಳೆ ಬುಕ್ ಮಾಡ್ತೀನಿ ಎಂದೆ.

ಮಾರ್ಚ್ 6, ಗುರುವಾರ

ಆ ಹೆಂಗಸು ಇವತ್ತು ಕಚೇರಿಗೇ ಬಂದರು. ಬಾಗಿಲಲ್ಲಿ ನಿಂತು ಬಾಯಿ ತೆರೆದರು. ನಾನು ಕಾದೆ. ಏನೋ ಒಂದು ಅಕ್ಷರ ಹೊರಗೆ ಬರುವಷ್ಟರಲ್ಲಿ ನನ್ನ ಚಹಾ ತಣ್ಣಗಾಯಿತು. ಸರಿ, ನಾನೇ ಕೇಳಿದೆ. ತೆರಿಗೆಯ ವಿಷಯವೇ? ತಲೆಯಾಡಿಸಿದರು, ಅಲ್ಲ. ನೀರಿನ ವಿಷಯವೇ? ಅಲ್ಲ. ಹಾಗಾದರೆ ಸಭೆಯ ರೆಕಾರ್ಡಿಂಗ್ ತಾನೆ? ಹೌದು. ನೋಡಿ, ನಾನು ಕೇಳದಿದ್ದರೆ ಸಂಜೆಯಾಗುತ್ತಿತ್ತು.

ರೆಕಾರ್ಡಿಂಗ್ ಹಾಕಿ ತೋರಿಸಿದೆ. ಅವರ ಸರದಿಯಲ್ಲಿ ಒಂದು ಉಸಿರೂ ಇಲ್ಲ. ಮೈಕಿಗೆ ಹತ್ತಿರ ನಿಲ್ಲಬೇಕು, ಜೋರಾಗಿ ಮಾತಾಡಬೇಕು, ಯಂತ್ರ ಸುಳ್ಳು ಹೇಳಲ್ಲ ಎಂದು ಸಮಾಧಾನದಿಂದಲೇ ವಿವರಿಸಿದೆ. ಲಿಫ್ಟ್ ನಿಲ್ಲಿಸಬೇಡಿ ಅಂತ ಕೇಳೋಕೆ ಬಂದಿದ್ದು ತಾನೆ ಎಂದೂ ಕೇಳಿದೆ. ತಲೆಯನ್ನು ಆ ಕಡೆಗೂ ಅಲ್ಲ ಈ ಕಡೆಗೂ ಅಲ್ಲ ಎನ್ನುವ ಹಾಗೆ ಅಲ್ಲಾಡಿಸಿದರು. ಹೌದೆಂದೇ ಇರಬೇಕು. ಹಳಿಯ ಆ ಕಡೆಯವರಾ ಎಂದರೆ ಹೌದೆಂದು ತಲೆಯಾಡಿಸಿದರು. ಇಲ್ಲಿಗೂ ಲಿಫ್ಟ್‌ನಲ್ಲೇ ಬಂದಿರ್ತೀರಲ್ಲ ಎಂದೆ. ಏನೋ ಹೇಳಹೊರಟರು, ಅಷ್ಟರಲ್ಲಿ ಅಧ್ಯಕ್ಷರ ಕೋಣೆಯಿಂದ ಫೋನು.

ಅವರು ಹೋದ ಮೇಲೆ ಕಾರ್ಯದರ್ಶಿ ಮೇಡಂ ಹೇಳಿದರು. ಅವರು ಬಸ್ಸಿನ ಕಂಡಕ್ಟರಾಗಿದ್ದವರು, ಎಲ್ಲರೂ ಕಂಡಕ್ಟರಮ್ಮ ಅಂತಲೇ ಕರೆಯೋದು. ಹೋದ ವರ್ಷ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸೋತು ಮಾತೂ ಹೋಯಿತು. ಈಗ ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಾರೆ, ಹೀಗೆ ಒಂದೊಂದಾಗಿ ಬರುತ್ತಿದೆ. ಆಸ್ಪತ್ರೆ ಹಳಿಯ ಈ ಕಡೆ. ಸೇತುವೆ ದಾಟಿ ಅಲ್ಲಿಗೆ ಬರುವುದು ತಪ್ಪಿದರೆ ಬಂದಷ್ಟು ಮಾತೂ ಹೋಗುತ್ತದೆ ಎಂದು ವೈದ್ಯರು ಹೇಳಿದ್ದಾರಂತೆ. ಪಾಪ ಎನ್ನಿಸಿತು. ಆದರೆ ಪಾಪವನ್ನು ರೆಕಾರ್ಡ್ ಮಾಡುವ ಗುಂಡಿ ನನ್ನ ಮೈಕಿನ ಬೋರ್ಡಿನಲ್ಲಿಲ್ಲ.

ಮಾರ್ಚ್ 7, ಶುಕ್ರವಾರ

ಗ್ಯಾಸ್ ಬಂತು. ಅದಲ್ಲವಂತೆ ವಿಷಯ. ಮತ್ತೇನು, ನಿನ್ನ ಅಣ್ಣನ ಮನೆಗೆ ಹೋಗೋದಾ, ಹೋಗಿ ಬಾ ಎಂದೆ. ಅವಳು ಸೌಟು ಕೆಳಗಿಟ್ಟು ಒಳಗೆ ಹೋದಳು.

ಮಾರ್ಚ್ 11, ಮಂಗಳವಾರ

ಕಂಡಕ್ಟರಮ್ಮ ಮತ್ತೆ ಬಂದರು. ನನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಬಟ್ಟೆಯ ಹಿಂಭಾಗವೆಲ್ಲ ಧೂಳು. ದಾರಿಯಲ್ಲಿ ಎಲ್ಲಾದರೂ ನೆಲದ ಮೇಲೆ ಕೂತು ಬಂದರೋ ಏನೋ. ಒರೆಸಿಕೊಳ್ಳಿ ಎಂದೆ.

ಮಾತನಾಡುವುದು ಕಷ್ಟವಾದರೆ ಬರೆದುಕೊಡಿ, ಅದಕ್ಕೂ ಅವಕಾಶ ಇದೆ ಎಂದು ಕಾಗದ ಮುಂದಿಟ್ಟೆ. ಎಡಗೈಯಲ್ಲಿ ಪೆನ್ನು ಹಿಡಿದು ಎಷ್ಟೋ ಹೊತ್ತು ಕಾಗದವನ್ನೇ ನೋಡಿದರು. ಒಂದು ಗೀಟು ಎಳೆದು ಪೆನ್ನು ಇಟ್ಟುಬಿಟ್ಟರು. ಮಾತಿನ ಜೊತೆಗೇ ಬರವಣಿಗೆಯೂ ಹೋಗಿದೆಯೆಂದು ಮೇಡಂ ಆಮೇಲೆ ಹೇಳಿದರು. ಇದನ್ನೆಲ್ಲ ನನಗೆ ಮೊದಲೇ ಹೇಳಬಾರದೇ?

ಹೋಗಲಿ ಎಂದು ನನ್ನ ಕೆಲಸ ಬದಿಗಿಟ್ಟು ನಾನೇ ಬರೆದೆ. ‘ಲಿಫ್ಟನ್ನು ದಯವಿಟ್ಟು ನಿಲ್ಲಿಸಬಾರದೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.’ ಓದಿ ಹೇಳಿ ಕೆಳಗೆ ಹೆಬ್ಬೆಟ್ಟು ಒತ್ತಿ ಎಂದೆ. ಆ ಕಾಗದವನ್ನು ಒಂದೇ ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. ‘ದಯವಿಟ್ಟು’ ಸಾಲದಾಯಿತೇನೋ ಎಂದು ‘ಕಳಕಳಿಯಿಂದ’ ಸೇರಿಸಿದೆ. ಮತ್ತೆ ತಳ್ಳಿದರು. ಹೇಳಿದರು ಕೂಡ, “ಅ... ಅಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಪುಕ್ಕಟೆ ಅರ್ಜಿ ಬರೆದುಕೊಟ್ಟರೆ ಅದಕ್ಕೂ ಕೊಂಕು. ಸಭಾಂಗಣದ ಕಡೆ ಕೈ ತೋರಿಸಿದರು, ಮೈಕಿನಲ್ಲೇ ಮಾತನಾಡುತ್ತಾರಂತೆ. ಆಗಲಿ, ಗುರುವಾರ ಬನ್ನಿ, ಮೈಕು ಸರಿ ಇದೆಯೆಂದು ಕಣ್ಣಾರೆ ನೋಡಿ ಎಂದು ಕಳಿಸಿದೆ.

ಮಾರ್ಚ್ 13, ಗುರುವಾರ

ಖಾಲಿ ಸಭಾಂಗಣದಲ್ಲಿ ಅವರನ್ನು ಮೈಕಿನ ಮುಂದೆ ನಿಲ್ಲಿಸಿದೆ. ದೀಪ ಹತ್ತುವುದರೊಳಗೆ ಅವರ ಅಕ್ಷರ ಮುಗಿದಿರುತ್ತಿತ್ತು. ಮುಂದಿನ ಅಕ್ಷರ ಬರುವುದರೊಳಗೆ ದೀಪ ಆರಿರುತ್ತಿತ್ತು. ನಾನು ಹೋಗಿ ಮಾತನಾಡಿದರೆ ಗಂಟೆ ಹೊಡೆದ ಹಾಗೆ ಕೇಳಿಸಿತು. ನೋಡಿ, ಸರಿ ಇದೆಯಲ್ಲ ಎಂದೆ. ಅವರು ಅಲ್ಲಾಡಲಿಲ್ಲ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅವರ ಹಾಗೆಯೇ ಮೆಲ್ಲಗೆ, ನಿಂತು ನಿಂತು ಮಾತನಾಡಿ ನೋಡಿದೆ. ರೆಕಾರ್ಡಿಂಗ್ ಹಾಕಿ ಕೇಳಿದರೆ ನಾನೂ ಇಲ್ಲ. ಅರ್ಧ ಗಂಟೆ ಮಾತನಾಡಿದ್ದೇನೆ, ನನ್ನದೇ ಯಂತ್ರದೊಳಗೆ ನಾನು ಹುಟ್ಟೇ ಇಲ್ಲ. ಕಂಪನಿಗೆ ಫೋನ್ ಮಾಡಿದೆ. ಅಲ್ಲಿಯ ಎಂಜಿನಿಯರು, ಬಳಸುವವರು ತಡೆಯಿಲ್ಲದೆ ಮಾತಾಡಬೇಕು ಸಾರ್ ಎಂದ. ತಡೆ ಇರುವವರು ಏನು ಮಾಡಬೇಕು ಎಂದು ಕೇಳಿದೆ. ಅದು ನಮ್ಮ ಉತ್ಪನ್ನದ ವ್ಯಾಪ್ತಿಗೆ ಬರಲ್ಲ ಎಂದ. ವ್ಯಾಪ್ತಿಯಂತೆ. ಫೋನಿಟ್ಟ ಮೇಲೂ ಅವನಿಗೆ ಬೈಯುತ್ತಲೇ ಇದ್ದೆ.

ಮಾರ್ಚ್ 17, ಸೋಮವಾರ

ಬಿಗಿ ಏರ್ಪಾಡನ್ನೆಲ್ಲ ಸಡಿಲಿಸಿದೆ. ಮೈಕು ಈಗ ತೆರೆದೇ ಇರುತ್ತದೆ. ಕಂಡಕ್ಟರಮ್ಮನನ್ನು ಕರೆಸಿ ನೋಡಿದೆ, ಅವರ ಮಾತು ತಡೆದು ತಡೆದಾದರೂ ಕೇಳಿಸಿತು. ಗೆದ್ದೆ ಎಂದುಕೊಂಡು ಮೇಷ್ಟ್ರನ್ನು ಕರೆಸಿದೆ. ಅವರು ಎರಡೂ ಕಿವಿ ಮುಚ್ಚಿಕೊಂಡರು. ಅವರ ಯಂತ್ರದೊಳಗೆ ಫ್ಯಾನುಗಳ ಸದ್ದು ಅಕ್ಕಿ ಗಿರಣಿ ನಡೆದ ಹಾಗೆ ಬರುತ್ತಿತ್ತಂತೆ. ಪರದೆಯ ಮೇಲೆ ನೋಡಿದರೆ ಕಂಡಕ್ಟರಮ್ಮನ ಒಂದು ಪದಕ್ಕೆ ಫ್ಯಾನಿನ ಹತ್ತು ಪದ.

“ನನ್ನ ಕಿವಿ ಕಿತ್ತು ಅವರ ಬಾಯಿಗೆ ಕೊಡ್ತೀಯೇನಯ್ಯಾ?” ಎಂದರು ಮೇಷ್ಟ್ರು.

ಅದಕ್ಕೆ ಕಂಡಕ್ಟರಮ್ಮ ಏನೋ ಉತ್ತರ ಹೇಳತೊಡಗಿದರು. ಮೇಷ್ಟ್ರಿಗೆ ಕೇಳಿಸದು, ಆಕೆಗೆ ಬೇಗ ಹೇಳಲಾಗದು. ಸಾಲದ್ದಕ್ಕೆ ಇಬ್ಬರೂ ನನ್ನ ಮುಖ ನೋಡುತ್ತಾರೆ. ಬಿಗಿ ಮಾಡಿದರೆ ಒಬ್ಬರು ಹೊರಗೆ, ಸಡಿಲಿಸಿದರೆ ಇನ್ನೊಬ್ಬರು ಹೊರಗೆ. ಎಲ್ಲರನ್ನೂ ಒಳಗೆ ತರುವ ಯಂತ್ರವೆಂದು ಹೇಳಿಯೇ ಇದನ್ನು ತಂದದ್ದು. ಬೋರ್ಡನ್ನೇ ಕಿತ್ತು ಕಿಟಕಿಯಿಂದಾಚೆ ಎಸೆಯಬೇಕೆನ್ನಿಸಿತು. ಎಸೆದರೆ ಆ ಕಿಟಕಿಯ ದುರಸ್ತಿಯೂ ನನ್ನ ತಲೆಗೇ.

ಮಾರ್ಚ್ 20, ಗುರುವಾರ

ಎರಡು ದಿನ ತಲೆ ಚಚ್ಚಿಕೊಂಡ ಮೇಲೆ ಹೊಳೆದದ್ದು ಇಷ್ಟು. ಯಂತ್ರ ಮಾಡುತ್ತಿದ್ದುದು ಜನ ಮಾಡಬೇಕಾದ ಕೆಲಸ. ಸಭಾಂಗಣವೇ ಸುಮ್ಮನಿದ್ದರೆ ಮೈಕು ತೆರೆದೇ ಇರಬಹುದು. ಫ್ಯಾನು ಬಂದ್, ಕಾಗದ ಮಡಚಬಾರದು, ಕುರ್ಚಿ ಎಳೆಯಬಾರದು, ಸದಸ್ಯರು ಪಿಸುಗುಟ್ಟಬಾರದು. ಕಂಡಕ್ಟರಮ್ಮ ಮಾತನಾಡುವಷ್ಟು ಹೊತ್ತು ಸಾಕು.

ಅಧ್ಯಕ್ಷರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ, ಅವಸರದವರು. ಈ ಸೆಕೆಯಲ್ಲಿ ಫ್ಯಾನ್ ಆರಿಸಿದರೆ ಅರ್ಧ ಸಭೆ ಎದ್ದು ಹೋಗುತ್ತದೆ ಎಂದರು. “ನಮ್ಮ ಸದಸ್ಯರನ್ನ ಸುಮ್ನೆ ಕೂರಿಸೋದಕ್ಕಿಂತ ಹೊಸ ಸೇತುವೆ ಕಟ್ಟೋದು ಸುಲಭ ಕಣಪ್ಪಾ.” ಅದೂ ಅಲ್ಲದೆ ಆಕೆ ಬೇಡಿಕೊಂಡು ಪ್ರಯೋಜನವೇನು, ಲಿಫ್ಟಿನೊಳಗಿನ ಎಣಿಕೆ ಯಂತ್ರವೇ ಹೇಳುತ್ತಿದೆ, ತಿಂಗಳುಗಟ್ಟಲೆ ಯಾರೂ ಹತ್ತಿಲ್ಲ ಎಂದು ವರದಿ ತೋರಿಸಿದರು. ಒಬ್ಬರಿಗೋಸ್ಕರ ಲಿಫ್ಟ್ ನಡೆಸಲಾಗದು. ಮೂರು ನಿಮಿಷದ ನಿಯಮವೂ ಎಲ್ಲರಿಗೂ ಒಂದೇ, ಗಂಟೆ ಬಾರಿಸಿದ ಕೂಡಲೆ ನೀನು ಮೈಕ್ ಆರಿಸಬೇಕು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ಹೊರಗೆ ಬಂದಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದೆ.

ಮಾರ್ಚ್ 26, ಬುಧವಾರ

ಕುರ್ಚಿಗಳ ಕಾಲಿಗೆಲ್ಲ ರಬ್ಬರಿನ ಟೋಪಿ ಹಾಕಿದೆ. ಸೊಂಟ ಬಿದ್ದುಹೋಗಿದೆ. ಮೈಕಿನ ಮುಂದೆ ಒಂದು ಕುರ್ಚಿ ಇಟ್ಟು ಮೈಕನ್ನು ಕೂತವರ ಬಾಯಿಯ ಎತ್ತರಕ್ಕೆ ಇಳಿಸಿದೆ. ಕಂಡಕ್ಟರಮ್ಮ ಅಭ್ಯಾಸಕ್ಕೆ ಬಂದಿದ್ದರು. ಇವತ್ತು ಅವರ ಹಳೆಯ ಬಸ್ಸಿನ ಕತೆ ಒಂದು ಹೇಳಿದರು, ಕಳ್ಳ ಪಾಸಿನವನೊಬ್ಬನನ್ನು ಹಿಡಿದದ್ದು. ಕತೆ ಮುಗಿಯುವಷ್ಟರಲ್ಲಿ ಹನ್ನೆರಡು ಕುರ್ಚಿಗೆ ಟೋಪಿ ಹಾಕಿ ಮುಗಿಸಿದ್ದೆ. ಲಿಫ್ಟ್ ಬಗ್ಗೆ ಏನು ಹೇಳುತ್ತೀರೆಂದು ಕೇಳಲಿಲ್ಲ, ಅದು ಗೊತ್ತಿರುವುದೇ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ತನ್ನ ವಿಷಯ ಹೇಳಿದಳು. ಕಾರು ಓಡಿಸಲು ಕಲಿಯಬೇಕಂತೆ. ಅವಳ ಗೆಳತಿ ಶಾಲೆಯ ವ್ಯಾನು ಓಡಿಸುತ್ತಾಳೆ, ಇವಳಿಗೂ ಅಲ್ಲಿ ಕೆಲಸ ಸಿಗಬಹುದು, ಮದುವೆಗೆ ಮುಂಚಿನಿಂದ ಇದ್ದ ಆಸೆ, ಹೆದರಿಕೆಯೂ ಇದೆ, ಗೇರ್ ಅಂದರೆ ಕೈ ನಡುಗುತ್ತದೆ, ಇತ್ಯಾದಿ. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಊಟ ಆರಿ ತಣ್ಣಗಾಗಿತ್ತು. ತಣ್ಣನೆಯ ಊಟ ನನಗೆ ಸೇರುವುದಿಲ್ಲ.

ಏಪ್ರಿಲ್ 1, ಮಂಗಳವಾರ

ಸಭೆ ಮುಗಿಸಿ ಬಂದು ಕೂತಿದ್ದೇನೆ. ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಲಿಫ್ಟ್ ವಿಷಯ ಬಂದಾಗ ಕಂಡಕ್ಟರಮ್ಮ ಮೈಕಿನ ಮುಂದಿನ ಕುರ್ಚಿಯಲ್ಲಿ ಹೋಗಿ ಕೂತರು. ಅಧ್ಯಕ್ಷರು ಫ್ಯಾನಿನ ಬಗ್ಗೆ ಏನಾದರೂ ಹೇಳಬಹುದೆಂದು ಕಾದೆ. ಹೇಳಲಿಲ್ಲ. ನಾನೇ ಎದ್ದು ಹೋಗಿ ಎಲ್ಲ ಫ್ಯಾನುಗಳ ಸ್ವಿಚ್ಚು ಆರಿಸಿಬಿಟ್ಟೆ. ಸದಸ್ಯರು ಕಾಗದದಿಂದ ಗಾಳಿ ಬೀಸಿಕೊಳ್ಳತೊಡಗಿದರು, ಅದೂ ಪರದೆಯ ಮೇಲೆ ಅಡ್ಡಾದಿಡ್ಡಿ ಅಕ್ಷರವಾಗಿ ಮೂಡಿತು. ಒಬ್ಬೊಬ್ಬರ ಹತ್ತಿರವೂ ಹೋಗಿ ಕಾಗದ ಇಸಿದುಕೊಂಡೆ. ಇಪ್ಪತ್ತು ವರ್ಷ ಮೂಲೆಯಲ್ಲಿ ಕೂತವನು ಸದಸ್ಯರ ಕೈಯಿಂದ ಕಾಗದ ಕಸಿಯುವುದನ್ನು ನೋಡಿ ಅವರಿಗೂ ಬಾಯಿ ಬರಲಿಲ್ಲವೇನೋ. ಸಭಾಂಗಣ ಸುಮ್ಮನಾಯಿತು. ಮೇಷ್ಟ್ರು ಮೊದಲ ಸಾಲಿನಲ್ಲಿ ಪರದೆಯನ್ನೇ ನೋಡುತ್ತಿದ್ದರು.

ಕಂಡಕ್ಟರಮ್ಮ ಶುರು ಮಾಡಿದರು. “ಆ... ಕಡೆ.” ಪರದೆಯ ಮೇಲೆ ‘ಆ ಕಡೆ’ ಎಂದು ಬಂದು ನಿಂತಿತು. ಮುಂದಿನ ಪದಕ್ಕೆ ಅವರ ಬಾಯಿ, ಕತ್ತು, ಎಡ ಭುಜ ಎಲ್ಲ ಸೇರಿ ಒದ್ದಾಡುತ್ತಿದ್ದವು. ಮೇಷ್ಟ್ರು ಕುರ್ಚಿಯ ತುದಿಗೆ ಬಂದಿದ್ದರು. “ಬಾ... ಬಾಗಿಲಿಗೆ.” ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂರು ನಿಮಿಷ.

ಅಧ್ಯಕ್ಷರು ನನಗೆ ಕೈಸನ್ನೆ ಮಾಡಿದರು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ಮತ್ತೆ ಸನ್ನೆ ಮಾಡಿದರು, ಆಮೇಲೆ ಬಾಯಿಬಿಟ್ಟೇ ಮೈಕ್ ಆರಿಸಪ್ಪಾ ಎಂದರು.

“ಅವರಿನ್ನೂ ಮುಗಿಸಿಲ್ಲ ಸಾರ್” ಎಂದೆ. ನನ್ನ ಮಾತೂ ಪರದೆಯ ಮೇಲೆ ಬಂತು.

“ಬೀಗ” ಎಂದರು ಕಂಡಕ್ಟರಮ್ಮ.

ಯಾರಿಗೂ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅವರು ನಿಲ್ಲಿಸಲಿಲ್ಲ. ಬೆವರು ಗಲ್ಲದಿಂದ ಇಳಿಯುತ್ತಿತ್ತು. “ಹತ್ತೋರು... ಇಲ್ಲ... ಅಂತೀರಿ. ವರ್ಷದಿಂದ... ಬೀಗ. ನಾನು... ಮೆಟ್ಲು... ಕೂತು ಕೂತು... ಇಳೀತೀನಿ.” ಆಮೇಲೆ ಉಸಿರೆಳೆದುಕೊಂಡು ಅಧ್ಯಕ್ಷರನ್ನೇ ನೋಡುತ್ತ ಕೇಳಿದರು, “ಕೀಲಿ... ಯಾರ ಹತ್ರ... ಇದೆ?”

ಪರದೆಯ ಮೇಲೆ ಆ ಪ್ರಶ್ನೆ ಬಂದು ನಿಂತುಕೊಂಡಿತು. ಬೇರೆ ಸದ್ದೇ ಇಲ್ಲವಾದ್ದರಿಂದ ಅದು ಅಳಿಸಿಹೋಗಲೂ ಇಲ್ಲ. ಅಧ್ಯಕ್ಷರು ಪುರಸಭೆಯ ಎಂಜಿನಿಯರನ್ನು ನೋಡಿದರು. ಎಂಜಿನಿಯರು ಆ ಬಡಾವಣೆಯ ಸದಸ್ಯರನ್ನು ನೋಡಿದರು. ಕೊನೆಗೆ ಹೊರಬಿದ್ದದ್ದು ಇಷ್ಟು. ಈ ಕಡೆಯ ಲಿಫ್ಟಿನ ಬಾಗಿಲು ಸದಾ ತೆರೆದಿರುತ್ತದೆ, ದೀಪವೂ ಉರಿಯುತ್ತದೆ. ಆ ಕಡೆಯ ಲಿಫ್ಟಿನ ಬಾಗಿಲಿಗೆ ಹೋದ ವರ್ಷ ದುರಸ್ತಿಗೆ ಬಂದ ಗುತ್ತಿಗೆದಾರ ಬೀಗ ಜಡಿದು ಹೋದವನು ತೆಗೆಯಲು ಬರಲೇ ಇಲ್ಲ. ಅಲ್ಲಿ ಬೀಗವಿರುವಷ್ಟು ದಿನ ಈ ಕಡೆಯದೂ ಏರುವುದಿಲ್ಲ, ಇಳಿಯುವುದಿಲ್ಲ. ಪರಿಶೀಲನೆಗೆ ಹೋದವರೆಲ್ಲ ಈ ಕಡೆ ನಿಂತು ನೋಡಿ ಬಂದಿದ್ದಾರೆ. ಮೆಟ್ಟಿಲು ಹತ್ತಬಲ್ಲವರಿಗೆ ಆ ಬಾಗಿಲಿನ ಕಡೆ ನೋಡುವ ಅಗತ್ಯವೇನು?

“ಇದು ನಡಾವಳಿಗೆ ಹೋಗಲಿ” ಎಂದರು ಮೇಷ್ಟ್ರು, ಅಗತ್ಯಕ್ಕಿಂತ ತುಂಬ ಜೋರಾಗಿ. ಹೋಯಿತು. ಲಿಫ್ಟ್ ನಿಲ್ಲಿಸುವ ವಿಷಯ ಕೈಬಿಟ್ಟರು. ಬೀಗ ಒಡೆಯುವ ವಿಷಯ ಬರೆದುಕೊಂಡರು.

ಮನೆಗೆ ಬಂದು ಹೆಂಡತಿಯ ಮುಂದೆ ಸಿಟ್ಟೆಲ್ಲ ಕಾರಿಕೊಂಡೆ. ಒಂದು ತಿಂಗಳು ನನ್ನ ಬಾಗಿಲಲ್ಲೇ ಕೂತಿದ್ದರಲ್ಲ, ಬೀಗದ ಮಾತು ನನ್ನ ಹತ್ತಿರ ಒಮ್ಮೆಯಾದರೂ ಹೇಳಬಾರದಿತ್ತೇ, ನಾನೇ ಓಡಾಡಿ ತೆಗೆಸುತ್ತಿರಲಿಲ್ಲವೇ ಎಂದೆ.

“ಹೇಳೋಕೆ ನೀವು ಬಿಟ್ರಾ?” ಎಂದಳು.

ನಾನು ಬರೆದುಕೊಟ್ಟ ಆ ಅರ್ಜಿ ಮೇಜಿನ ಖಾನೆಯಲ್ಲಿತ್ತು, ನೆನಪಾಗಿ ಮುಖ ಬಿಸಿಯಾಯಿತು. ಕೈಮುಗಿದು ಬೇಡಿಕೊಳ್ಳುತ್ತೇನಂತೆ. ನಾಳೆ ಹರಿದು ಹಾಕಬೇಕು.

ಏಪ್ರಿಲ್ 3, ಗುರುವಾರ

ನೋಟಿಸ್ ಬಂತು. ಅಧ್ಯಕ್ಷರ ಸೂಚನೆ ಮೀರಿ ಮೈಕು ಆರಿಸದೆ ಇದ್ದದ್ದು, ಫ್ಯಾನು ಆರಿಸಿದ್ದು, ಸದಸ್ಯರಿಂದ ಕಾಗದ ಕಿತ್ತುಕೊಂಡದ್ದು, ಮೂರಕ್ಕೂ ಕಾರಣ ಕೊಡಬೇಕಂತೆ. ಮೇಷ್ಟ್ರೂ ಒಂದು ದೂರು ಕೊಟ್ಟಿದ್ದಾರೆ. ಕಂಡಕ್ಟರಮ್ಮ ಎದ್ದ ಕೂಡಲೆ ಫ್ಯಾನನ್ನು ಮತ್ತೆ ಯಾಕೆ ಹಾಕಿದಿರಿ, ಸಭೆಯುದ್ದಕ್ಕೂ ಆರಿಸಿರಬೇಕಿತ್ತು ಎಂದು. ಯಾರನ್ನು ಮೆಚ್ಚಿಸುವುದು.

ಏಪ್ರಿಲ್ 10, ಗುರುವಾರ

ಬೀಗ ಒಡೆದಿದ್ದಾರೆ. ಲಿಫ್ಟಿನೊಳಗೆ ಬಾಗಿಲು ತೆರೆಯುತ್ತಿದೆ, ಮುಚ್ಚುತ್ತಿದೆ ಎಂದು ಹೇಳುವ ಸ್ಪೀಕರು ಕೆಟ್ಟಿತ್ತು. ಅದನ್ನು ಸರಿಮಾಡಲು ನನ್ನನ್ನೇ ಅಟ್ಟಿದರು, ನೋಟಿಸಿಗೆ ಉತ್ತರ ಬರೆಯುವ ದಿನವೇ. ಮೊದಲ ಸಲ ಆ ಕಡೆಯಿಂದ ಸೇತುವೆ ನೋಡಿದೆ. ಮೆಟ್ಟಿಲುಗಳು ಕಡಿದಾಗಿವೆ, ಅಂಚು ಸವೆದು ನುಣ್ಣಗಾಗಿವೆ. ಕೂತು ಕೂತು ಇಳಿಯುವುದೆಂದರೆ ಹೇಗೆಂದು ಮೇಲಿಂದ ಕೆಳಕ್ಕೆ ನೋಡುತ್ತ ಸುಮಾರು ಹೊತ್ತು ನಿಂತೆ. ಅವರ ಬಟ್ಟೆಯ ಧೂಳು ನೋಡಿ ಒರೆಸಿಕೊಳ್ಳಿ ಎಂದಿದ್ದೆ ನಾನು. ನಾಚಿಕೆಯಾಯಿತು.

ಸ್ಪೀಕರು ಸರಿಹೋಗುವ ಹೊತ್ತಿಗೆ ಬಾಗಿಲ ಮುಂದೆ ಜನ ಸೇರಿದ್ದರು. ಊರುಗೋಲಿನ ಒಬ್ಬ ಮುದುಕರು, ಮಗುವಿನ ತಳ್ಳುಗಾಡಿ ಹಿಡಿದ ತಾಯಿ, ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ, ಅವಳ ಅಪ್ಪ. ಯಾರೂ ಹತ್ತುವುದಿಲ್ಲವೆಂದು ವರದಿಯಲ್ಲಿದ್ದ ಜನ. ಎಲ್ಲರಿಗಿಂತ ಮುಂಚೆ ಬಂದು ಒಳಗೆ ನಿಂತಿದ್ದವರು ಆಸ್ಪತ್ರೆಗೆ ಹೊರಟ ಕಂಡಕ್ಟರಮ್ಮ. ನನ್ನನ್ನು ನೋಡಿ ಬಾಯಿ ತೆರೆದರು.

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಬಾಗಿಲು ಮುಚ್ಚಲು ಬಂದು ನನ್ನ ಭುಜಕ್ಕೆ ತಾಗಿ ಹಿಂದೆ ಹೋಯಿತು. ಬಾಗಿಲು ತೆರೆಯುತ್ತಿದೆ ಎಂದಿತು ಸ್ಪೀಕರು. ಅವರ ತುಟಿ ಅಲುಗಾಡುತ್ತಿತ್ತು, ಮಾತು ಇನ್ನೂ ಬಂದಿರಲಿಲ್ಲ. ಬಾಗಿಲು ಮತ್ತೆ ಬಂತು, ಮತ್ತೆ ತಾಗಿತು. ಭುಜ ನೋಯುತ್ತಿತ್ತು.

“ಸ್ವಲ್ಪ...” ಎಂದರು. ಬಾಗಿಲು ಇನ್ನೊಮ್ಮೆ ಬಂದು ಹೋಯಿತು. “ಒಳಗೆ... ಸರೀರಿ. ಇನ್ನೂ... ಜಾಗ ಇದೆ.”

ಸರಿದೆ. ಎಲ್ಲರೂ ಹತ್ತಿದರು.